ಗೌರಿಯ ಕೋಟಿನ ಗುಂಡಿ

ಕೇಳಿ ಮಾರಾಯ್ರೆ, ಇವತ್ತು ಬೆಳಿಗ್ಗೆ ಕಮ್ಮರಡಿಯಲ್ಲಿ ನನ್ನ ಮೊಮ್ಮಗಳು ಗೌರಿ ಇಡೀ ಬಸ್ಸನ್ನು ಕಾಯಿಸಿದಳು.

ಏಳು ವರ್ಷದ ಈ ಮಗುವಿನ ಬೆರಳುಗಳು ಅವಳ ಮಾತು ಕೇಳುವುದಿಲ್ಲ. ಲೋಟ ಹಿಡಿದರೆ ಚೆಲ್ಲುತ್ತದೆ, ಬಳಪ ಹಿಡಿದರೆ ಮುರಿಯುತ್ತದೆ. ಕೊಪ್ಪದ ಡಾಕ್ಟರು ಔಷಧಿ ಕೊಡಲಿಲ್ಲ. "ಅವಳ ಕೆಲಸ ಅವಳೇ ಮಾಡ್ಲಿ, ಎಷ್ಟು ಹೊತ್ತಾದ್ರೂ ಸರಿ. ನೀವು ಕೈ ಹಾಕ್ಬೇಡಿ, ಅದೇ ಮದ್ದು" ಎಂದಿದ್ದರು.

ಚಳಿಗೆ ಕೋಟು ಹಾಕಿಕೊಂಡಳು. ಕುಲುಕುವ ಬಸ್ಸಿನಲ್ಲಿ ಗುಂಡಿ ಹಾಕಲು ಅವಳಿಗೆ ಆಗದು. ಅದಕ್ಕೇ ಕೆಳಗೆ ನಿಂತು ಶುರು ಮಾಡಿದಳು. ಗುಂಡಿ ತೂತಿನ ತನಕ ಬಂದು ಜಾರುತ್ತಿತ್ತು.

"ಬೇಗ ಹತ್ತಿಸಿ ಮಾರಾಯ್ರೆ, ಶೃಂಗೇರಿ ಮುಟ್ಟೋದು ಬೇಡ್ವಾ?" ಎಂದು ಕಂಡಕ್ಟರ್ ಕೂಗಿದ.

ಒಬ್ಬ ಹೆಂಗಸು ಬಸ್ಸಿನಿಂದ ಇಳಿದೇ ಬಂದರು. "ಎಂತ ಅಜ್ಜಯ್ಯ ನೀವು! ಕೂಸು ಒದ್ದಾಡ್ತಿದ್ರೆ ನೋಡ್ತಾ ನಿಂತಿದ್ದೀರಲ್ಲ! ಬಾ ಮಗಾ, ನಾ ಹಾಕ್ತೆ."

"ಬೇಡಮ್ಮ, ಅವಳೇ ಹಾಕ್ಕೊಳ್ತಾಳೆ" ಎಂದೆ. ನನ್ನ ಕೈಯೂ ಮುಂದೆ ಹೋಗುತ್ತಿತ್ತು. ಬೆನ್ನ ಹಿಂದೆ ಕಟ್ಟಿಕೊಂಡೆ.

ಕೊನೆಗೂ ಗುಂಡಿ ಕೂತಿತು. ಗೌರಿ ಗತ್ತಿನಿಂದ ಹತ್ತಿ ಕುಳಿತಳು.

ಆಮೇಲೆ ಬಸ್ಸೇ ಹೊರಡಲಿಲ್ಲ. ಯುದ್ಧದಿಂದಾಗಿ ಪೆಟ್ರೋಲ್ ಸಿಗದ ಕಾಲ, ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಓಡಿಸುವ ಬಸ್ಸು. ಕ್ಲೀನರ್ ಹಿಂದೆ ನಿಂತು ಬೆಂಕಿಗೆ ಗಾಳಿ ಹಾಕುತ್ತಲೇ ಇದ್ದ. "ಗ್ಯಾಸ್ ಕಟ್ಬೇಕಲ್ಲ, ಅವಸರ ಮಾಡಿದ್ರೆ ಆಗ್ತದಾ?" ಎಂದ ಕಂಡಕ್ಟರ್. ಎಲ್ಲರೂ ಎಲೆಅಡಿಕೆ ಹಾಕಿಕೊಂಡು ಸಮಾಧಾನವಾಗಿ ಕುಳಿತರು.

ಗೌರಿ ಗಟ್ಟಿಯಾಗಿಯೇ ಕೇಳಿದಳು: "ಅಜ್ಜಯ್ಯ, ಬಸ್ಸಿಗೆ ಯಾರೂ ಬೈಯೋದಿಲ್ವಾ?"

ಅಂತೂ ಬಸ್ಸು ಹೊರಟಿತು. ಶೃಂಗೇರಿಯಲ್ಲಿ ಅವಳು ಇಳಿಯುವಾಗ ಕಂಡಕ್ಟರ್ ಬಾಗಿಲು ಹಿಡಿದು ನಿಂತಿದ್ದ. "ನಿಧಾನಕ್ಕೆ ಇಳಿ ಮಾರಾಯ್ತಿ, ನಮಗೆ ಅವಸರ ಎಂತ ಇಲ್ಲ."