ನಮ್ಮ ಮನೆ ಮುಂದಿನ ಮಿಲಿಟರಿ ಲಾರಿ

ಡ್ಯಾಲಸ್ಸಿನ ನಮ್ಮ ಕನ್ನಡದವರ ಗುಂಪಿನ ಗಂಡಸರಿಗೆಲ್ಲ ಒಂದೊಂದು ಹುಚ್ಚಿತ್ತು. ಒಬ್ಬರು ಗಾಲ್ಫ್ ಹಿಡಿದಿದ್ದರು, ಒಬ್ಬರು ಷೇರು ಹಿಡಿದಿದ್ದರು, ಇನ್ನೊಬ್ಬರು ಗರಾಜಿನಲ್ಲಿ ವೈನ್ ಮಾಡಲು ಹೋಗಿ ವಾರಗಟ್ಟಲೆ ಮನೆಯೆಲ್ಲ ನಾರಿಸಿದ್ದರು. ನನ್ನ ಗಂಡ ಅಮೆರಿಕದ ಸೈನ್ಯ ಸಾಕೆಂದು ಮಾರಿದ ಲಾರಿಯೊಂದನ್ನು ಮನೆಗೆ ತಂದರು. ಆಸ್ಟಿನ್ ಹತ್ತಿರದ ಯಾವುದೋ ಹರಾಜಿನಲ್ಲಿ ಹಿಡಿದದ್ದು. ಎರಡೂವರೆ ಟನ್ನಿನದು, ಹಿಂದೆ ಹರಿದ ಕ್ಯಾನ್ವಾಸ್ ಹೊದಿಕೆ, ಪವರ್ ಸ್ಟೀರಿಂಗ್ ಇಲ್ಲ, ಏಸಿ ಬೇಕೆಂದರೆ ಮುಂದಿನ ಗಾಜನ್ನೇ ಎತ್ತಿಬಿಡಬೇಕು.

ಅಲ್ಲಿಂದ ಡ್ಯಾಲಸ್ ಹತ್ತಿರದ ನಮ್ಮೂರು ಯೂಲೆಸ್‌ವರೆಗೆ ಇವರೇ ಅದನ್ನು ಓಡಿಸಿಕೊಂಡು ಬಂದರು. ನಾನು ಕಾರಿನಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ಹಿಂದೆ ಹಿಂದೆ. ಹೈವೇಯಲ್ಲಿ ಅದರ ಓಟ ಟ್ರ್ಯಾಕ್ಟರಿಗಿಂತ ಸ್ವಲ್ಪ ವಾಸಿ, ಅಷ್ಟೆ. ನನಗೆ ಹಾರ್ನ್ ಹೊಡೆದು ದುರುಗುಟ್ಟಿ ನೋಡಿದವರೇ ಮುಂದೆ ಹೋಗಿ ಲಾರಿಗೆ ಸಲ್ಯೂಟ್ ಹೊಡೆಯುತ್ತಿದ್ದರು. ಊಟಕ್ಕೆ ನಿಲ್ಲಿಸಿದಾಗ ನೋಡಿದೆ, ಇವರ ಮುಖ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

"ನೋಡ್ದೇನೇ, ಎಲ್ಲಾ ಸಲ್ಯೂಟ್ ಹೊಡೀತಿದಾರೆ!"

"ಹೊಡೀಲಿ ಬಿಡಿ. ಇದ್ರಲ್ಲಿ ತರಕಾರಿ ತರೋಕೆ ಹೋಗ್ಬಹುದಾ ಹೇಳಿ" ಅಂದೆ.

ನನಗೆ ಆ ಹುಚ್ಚಿನ ಮೂಲ ಗೊತ್ತಿತ್ತು. ಮೈಸೂರಿನ ಕಾಲೇಜಿನಲ್ಲಿ ಇವರು ಎನ್‌ಸಿಸಿ ಸೇರಿದ್ದರು. ಸೈನ್ಯಕ್ಕೆ ಸೇರಲು ಹೋದಾಗ ಕನ್ನಡಕದ ನಂಬರು ನೋಡಿ ವಾಪಸ್ಸು ಕಳಿಸಿದ್ದರು. ಆಮೇಲೆ ಕಂಪ್ಯೂಟರ್ ಕಲಿತು ಈ ದೇಶಕ್ಕೆ ಬಂದದ್ದು. ಲಾಸ್ ಕೊಲಿನಾಸಿನ ಆಫೀಸಿನಲ್ಲಿ ದಿನವಿಡೀ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುತ್ತಿದ್ದ ಮನುಷ್ಯ ಆ ಲಾರಿಯ ಸ್ಟೀರಿಂಗ್ ಹಿಡಿದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ನಾನು ಗೊಣಗಿದೆನೇ ಹೊರತು ಬೇಡ ಅನ್ನಲಿಲ್ಲ.

ನಮ್ಮದು ಹಳೆಯ ಬೀದಿ. ಅಂಗಳದ ಹುಲ್ಲು ಎಷ್ಟುದ್ದ ಇರಬೇಕು, ಬಾಗಿಲಿಗೆ ಯಾವ ಬಣ್ಣ ಎಂದು ಅಪ್ಪಣೆ ಕೊಡುವ ಸಂಘ ಅಲ್ಲಿರಲಿಲ್ಲ. ಹಾಗಾಗಿ ಲಾರಿ ಡ್ರೈವ್‌ವೇಯಲ್ಲೇ ನಿಂತಿತು. ಅದನ್ನು ನೋಡಿ ಮೊದಲು ಓಡಿ ಬಂದವರು ಎದುರುಮನೆಯ ಮುದುಕರು. ಒಬ್ಬರೇ ಇದ್ದರು, ಹೆಂಡತಿ ತೀರಿಹೋಗಿದ್ದರು. ಹರೆಯದಲ್ಲಿ ಸೈನಿಕರಾಗಿ ಇಂಥದ್ದೇ ಲಾರಿಯನ್ನು ವಿಯೆಟ್ನಾಮಿನ ಕೆಸರಿನಲ್ಲಿ ಓಡಿಸಿದ್ದರಂತೆ. ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಆಮೇಲೆ ಇವರಿಗೆ ಒಂದು ಮಾತು ಕೊಟ್ಟರು. ಪ್ರತಿ ನವೆಂಬರಿನಲ್ಲಿ ಪಕ್ಕದ ಊರಲ್ಲಿ ಮಾಜಿ ಸೈನಿಕರ ಮೆರವಣಿಗೆ ನಡೆಯುತ್ತದೆ, ಈ ವರ್ಷ ಅದರಲ್ಲಿ ಈ ಲಾರಿಯೂ ಹೋಗಬೇಕು, ನೀನು ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಲಾರಿಗೆ ಹೊಸದಾಗಿ ಬಣ್ಣ ಬಳಿಯಬೇಕು, ನವೆಂಬರಿನಲ್ಲಿ ಇವರು ಓಡಿಸಬೇಕು.

ಬೇಸಿಗೆಯೆಲ್ಲ ಬಣ್ಣದ ಕೆಲಸ. ಶನಿವಾರ, ಭಾನುವಾರ ಬೆಳಿಗ್ಗೆ ಬೇಗ ಶುರು ಮಾಡಬೇಕು, ಹತ್ತು ಗಂಟೆ ದಾಟಿದರೆ ಆ ಬಿಸಿಲಿಗೆ ಬಣ್ಣ ರೋಲರ್ ಮೇಲೇ ಒಣಗುತ್ತಿತ್ತು. ಮರಳುಕಾಗದದಿಂದ ಉಜ್ಜಿ ಉಜ್ಜಿ ಇವರ ಬೆರಳ ತುದಿ ಸವೆದವು. ಗಾಜು, ದೀಪಗಳಿಗೆಲ್ಲ ಹಳೇ ಪೇಪರ್ ಅಂಟಿಸಿದೆವು. ಮೊದಲು ಪೂರ್ತಿ ಹಸಿರು, ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು ಕಂದು ಮತ್ತು ಕಪ್ಪು ಪಟ್ಟೆ. ಹೊಳಪು ಇರಲೇಬಾರದು, ಹೊಳೆದರೆ ಶತ್ರುವಿಗೆ ಕಾಣುತ್ತದಂತೆ. ಯೂಲೆಸ್ಸಿನಲ್ಲಿ ಯಾವ ಶತ್ರು ಎಂದು ನಾನು ಕೇಳಿದೆ.

ಗೆರೆ ಎಳೆಯುವ ಕೆಲಸ ನನಗೆ ಬಿತ್ತು. ರಂಗೋಲಿ ಹಾಕಿದ ಕೈ, ನಡುಗುವುದಿಲ್ಲ ಎಂದು ಇವರ ಲೆಕ್ಕ. ನಾನೂ ಜಂಭದಿಂದ ಎಳೆದೆ. ಎಡಬಾಗಿಲಿಗೆ ಒಂದು ಬಳ್ಳಿಯಂಥ ಸುತ್ತು, ಬಲಬಾಗಿಲಿಗೆ ಅದರ ಸರಿಜೋಡಿ, ಬಾನೆಟ್ಟಿನ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಎಲೆ. ಎದುರುಮನೆಯವರು ಕಾಫಿ ಹಿಡಿದು ಬಂದವರು ನೋಡಿ ಕೆಮ್ಮು ಬರುವಷ್ಟು ನಕ್ಕರು. ಕಾಡಿನಲ್ಲಿ ಎಲ್ಲಾದರೂ ಎಡಕ್ಕೂ ಬಲಕ್ಕೂ ಜೋಡಿ ಕೂಡುತ್ತದೆಯೇ, ಇದನ್ನು ಶತ್ರು ಮೈಲಿಗಟ್ಟಲೆ ದೂರದಿಂದ ಗುರುತು ಹಿಡಿಯುತ್ತಾನೆ ಎಂದರು. ಎಲ್ಲ ಅಳಿಸಿ, ಅವರು ಹೇಳಿದ ಹಾಗೆ ಸೊಟ್ಟಸೊಟ್ಟಗೆ ಎಳೆದೆ. ಬೇಕೆಂದೇ ಸೊಟ್ಟ ಎಳೆಯುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಆಗಸ್ಟ್ ಮುಗಿಯುವಾಗ ಲಾರಿ ನೋಡುವ ಹಾಗಾಯಿತು. ನಮ್ಮ ಕನ್ನಡದವರು ಡ್ಯಾಲಸ್ಸಿನ ಮೂಲೆಮೂಲೆಯಿಂದ ಬಂದು, ಮಕ್ಕಳನ್ನು ಮೇಲೆ ಹತ್ತಿಸಿ ಫೋಟೋ ತೆಗೆಸಿಕೊಂಡು, ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್ ತಿಂದು ಹೋದರು.

ಆಮೇಲೆ ಆ ಸೆಪ್ಟೆಂಬರ್ ಬಂತು. ನಮ್ಮದು ಏರ್‌ಪೋರ್ಟಿನ ಮಗ್ಗುಲ ಊರು, ವಿಮಾನದ ಸದ್ದು ಇಲ್ಲದ ಗಳಿಗೆ ನಾವು ಕಂಡಿರಲಿಲ್ಲ. ಆ ವಾರ ಆಕಾಶ ತೆಪ್ಪಗಿತ್ತು. ಟೀವಿಯಲ್ಲಿ ವಿಮಾನ ಬಡಿದ ಆ ಜೋಡಿ ಕಟ್ಟಡಗಳು ಮತ್ತೆ ಮತ್ತೆ ಕುಸಿಯುತ್ತಿದ್ದವು. ನಾನೂ ಅತ್ತೆ, ಇವರೂ ಅತ್ತರು. ವಾರ ಕಳೆಯುವುದರೊಳಗೆ ಅಂಗಡಿಯಲ್ಲಿ ಜನ ನಮ್ಮನ್ನು ನೋಡುವ ರೀತಿ ಬೇರೆಯಾಯಿತು. ನಾನು ದೊಡ್ಡ ಬೊಟ್ಟು ಇಟ್ಟುಕೊಳ್ಳತೊಡಗಿದೆ, ಇವರು ದಿನಾ ಗಡ್ಡ ಬೋಳಿಸತೊಡಗಿದರು.

ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿದ್ದ ಭಾವನವರು, ಇವರ ಅಣ್ಣ, ಅಲ್ಲಿನ ಸುದ್ದಿಯನ್ನೆಲ್ಲ ಹೇಳಿ ಫೋನಿನಲ್ಲೇ ರೇಗಿದರು.

"ಏನೋ, ಬುದ್ಧಿ ಇದ್ಯೇನೋ ನಿಂಗೆ? ಪೇಟ ಕಟ್ಟಿದಾರೆ ಅಂತ ಸಿಖ್ಖರ್ನೇ ಬಿಡ್ತಿಲ್ಲ. ನೀನು ಮನೆ ಮುಂದೆ ಮಿಲಿಟರಿ ಗಾಡಿ ನಿಲ್ಸ್ಕೊಂಡು ಯುದ್ಧದ ಬಣ್ಣ ಬಳ್ದಿದೀಯ. ಬಿಳಿ ಬಣ್ಣ ಹೊಡ್ದು ಮಾರ್ಬಿಡು!"

"ನವೆಂಬರ್ ಆಗ್ಲಿ ಅಣ್ಣಾ. ಮೆರವಣಿಗೆ ಮುಗೀಲಿ" ಎಂದರು ಇವರು.

ಫೋಟೋ ತೆಗೆಸಿಕೊಂಡು ಹೋದವರೂ ಒಬ್ಬೊಬ್ಬರಾಗಿ ಫೋನ್ ಮಾಡಿ ಅದನ್ನೇ ಹೇಳಿದರು. ಒಬ್ಬಾಕೆಯಂತೂ, ನಮ್ಮ ಮಕ್ಕಳ ಫೋಟೋ ನಿಮ್ಮ ಹತ್ತಿರ ಇದ್ದರೆ ಹರಿದುಹಾಕಿ ಎಂದಳು. ನಮ್ಮ ಮನೆಯ ಊಟ ಅವಳಿಗೆ ಆಗ ನೆನಪಿರಲಿಲ್ಲ.

ಅಕ್ಟೋಬರಿನಲ್ಲಿ ಆಯುಧಪೂಜೆ. ವಾಹನ ಇದ್ದ ಮೇಲೆ ಪೂಜೆ ಮಾಡದೆ ಇರುವುದು ಹೇಗೆ? ಪ್ರತಿವರ್ಷ ಕಾರಿಗೆ ಮಾಡುತ್ತಿದ್ದೆವು, ಈ ಸಲ ಲಾರಿಗೂ ಮಾಡಿದೆವು. ವಿಯೆಟ್ನಾಮಿನವರ ಅಂಗಡಿಯಿಂದ ಬೂದುಗುಂಬಳಕಾಯಿ ತಂದೆವು. ನಾನು ಡ್ರೈವ್‌ವೇ ತೊಳೆದು ಲಾರಿಯ ಮುಂದೆ ಬಿಳಿ ಪುಡಿಯಲ್ಲಿ ದೊಡ್ಡ ರಂಗೋಲಿ ಹಾಕಿದೆ. ಬಾನೆಟ್ಟಿಗೆ ಹೂವಿನ ಹಾರ, ಗಾಜಿಗೆ ವಿಭೂತಿ ಪಟ್ಟೆ, ಚಕ್ರಗಳ ಕೆಳಗೆ ನಿಂಬೆಹಣ್ಣು. ಇವರು ಪಂಚೆ ಉಟ್ಟು, ಕುಂಬಳಕಾಯಿಗೆ ಚಾಕುವಿನಲ್ಲಿ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ಲಾರಿಗೆ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದರು.

ಅದು ಟಪಾಲಿನಲ್ಲಿ ವಿಷದ ಪುಡಿ ಬರುತ್ತಿದೆ ಎಂದು ಟೀವಿಯವರು ದಿನವೂ ಹೇಳುತ್ತಿದ್ದ ಕಾಲ. ನಮ್ಮ ಡ್ರೈವ್‌ವೇಯಲ್ಲಿ ಯುದ್ಧದ ಬಣ್ಣದ ಲಾರಿ, ನೆಲದ ತುಂಬ ಬಿಳಿ ಪುಡಿ, ಅದರ ಮೇಲೆ ಕೆಂಪು ಓಕುಳಿ, ಪಕ್ಕದಲ್ಲಿ ಬರಿಮೈಯಲ್ಲಿ ಚಾಕು ಹಿಡಿದ ಕಂದುಬಣ್ಣದ ಗಂಡಸು. ಬೀದಿಯಲ್ಲಿ ಯಾರು ಫೋನ್ ಮಾಡಿದರೋ ನಮಗೆ ಕೊನೆಗೂ ತಿಳಿಯಲಿಲ್ಲ. ಮಂಗಳಾರತಿ ತಟ್ಟೆ ಇನ್ನೂ ನನ್ನ ಕೈಯಲ್ಲಿದ್ದಾಗಲೇ ಪೊಲೀಸರ ಮೂರು ಕಾರು ಬಂದು ನಿಂತವು.

ಚಾಕು ಕೆಳಗೆ ಹಾಕು ಎಂದರು, ಇವರು ಹಾಕಿದರು. ಕೈ ಮೇಲೆತ್ತು ಎಂದರು, ಎತ್ತಿದರು. ಗ್ಲೌಸ್ ಹಾಕಿಕೊಂಡ ಒಬ್ಬ ನನ್ನ ರಂಗೋಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕೆರೆದು ತುಂಬಿದ. ಇವರು ಸರ್, ಸರ್ ಎಂದು ಕುಂಬಳಕಾಯಿಯ ಅರ್ಥ ಹೇಳುತ್ತಿದ್ದರು. ಲಾರಿಗೆ ಒಳ್ಳೆಯದಾಗಲಿ ಎಂದು ಒಡೆಯುತ್ತೇವೆ ಸರ್. ಕಾಗದಪತ್ರ ತೋರಿಸಿದರು, ಆಫೀಸಿನ ಬ್ಯಾಡ್ಜ್ ತೋರಿಸಿದರು, ಯಾವುದೂ ಸಾಲಲಿಲ್ಲ. ಅಷ್ಟರಲ್ಲಿ ಎದುರುಮನೆಯವರು ಚಪ್ಪಲಿಯಲ್ಲೇ ರಸ್ತೆ ದಾಟಿ ಬಂದರು. ಇವರು ಒಳ್ಳೆಯ ಜನ, ನನಗೆ ಗೊತ್ತು ಎಂದರು. ಅಷ್ಟೇ ಸಾಕಾಯಿತು. ಪೊಲೀಸರು ನಮ್ಮಿಬ್ಬರಿಗೂ ಒಳ್ಳೆಯ ದಿನ ಹಾರೈಸಿ ಹೊರಟುಹೋದರು. ಪೂಜೆ ಮಾಡಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಮುಂದಿನ ವಾರ ಎದುರುಮನೆಯವರು ಬಂದು ನಮ್ಮ ಸೋಫಾದ ತುದಿಯಲ್ಲಿ ಕೂತರು. ಟೋಪಿಯನ್ನು ತಿರುಗಿಸುತ್ತಾ, ಮೆರವಣಿಗೆಯವರ ಜೊತೆ ಮಾತಾಡಿದೆ, ಲಾರಿ ಬರಲಿ ಎಂದಿದ್ದಾರೆ ಎಂದರು. ಆದರೆ ಈ ವರ್ಷ ಜನರ ಮನಸ್ಸು ಸರಿಯಿಲ್ಲ, ಯಾರಾದರೂ ಏನಾದರೂ ಅಂದಾರು, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಸ್ಟೀರಿಂಗ್ ನಾನು ಹಿಡಿಯುತ್ತೇನೆ ಎಂದರು.

ಪಕ್ಕದ ಸೀಟಿನ ಮಾತು ಬರಲಿಲ್ಲ. ಇವರೂ ಕೇಳಲಿಲ್ಲ. "ಶೂರ್, ಶೂರ್" ಎಂದು ಬೀಗದಕೈ ತಂದುಕೊಟ್ಟರು.

ಅವರು ಹೋದ ಮೇಲೆ ನಾನು ಹಾರಾಡಿದೆ. "ಲಾರಿ ನಿಮ್ದು, ಬೇಸಿಗೆಯೆಲ್ಲಾ ಉಜ್ಜಿದ್ದು ನೀವು. ಅವ್ರಿಗ್ಯಾಕ್ರೀ ಕೊಟ್ರಿ? ಇಲ್ಲ ಅಂದಿದ್ರೆ ಏನಾಗ್ತಿತ್ತು?"

"ಅವ್ರು ಒಳ್ಳೇವ್ರು ಕಣೇ" ಎಂದರು ಇವರು.

ಒಳ್ಳೆಯವರೇ. ಕೆಟ್ಟವರಾಗಿದ್ದರೆ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ.

ಮೆರವಣಿಗೆಗೆ ನಾವೂ ಹೋದೆವು. ಫುಟ್‌ಪಾತಿನಲ್ಲಿ ಜನರ ನಡುವೆ ನಿಂತೆವು. ಪಕ್ಕದ ಹೆಂಗಸು ನಮ್ಮಿಬ್ಬರ ಕೈಗೂ ಒಂದೊಂದು ಪುಟ್ಟ ಬಾವುಟ ಕೊಟ್ಟು, ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿದಳು. ಶಾಲೆಯ ಬ್ಯಾಂಡ್ ಹೋಯಿತು, ಕುದುರೆಗಳು ಹೋದವು, ಆಮೇಲೆ ಲಾರಿ ಬಂತು. ಎದುರುಮನೆಯವರು ಹಳೆಯ ಸಮವಸ್ತ್ರದಲ್ಲಿ ಸ್ಟೀರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಅವರ ಸ್ನೇಹಿತರೊಬ್ಬರು. ಮೈಕಿನಲ್ಲಿ ಅವರ ಹೆಸರು ಹೇಳಿ, ಎಷ್ಟು ಮುತುವರ್ಜಿಯಿಂದ ತಮ್ಮ ಲಾರಿ ಕಾಪಾಡಿಕೊಂಡಿದ್ದಾರೆ ನೋಡಿ ಎಂದರು. ಕೂತಿದ್ದವರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದು ನಮ್ಮ ಲಾರಿ ಎಂದು ಕೂಗಿ ಹೇಳಬೇಕೆನ್ನಿಸಿ ಇವರ ಕಡೆ ನೋಡಿದೆ.

ಇವರು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಚಪ್ಪಾಳೆ ಹೊಡೆಯುತ್ತಿದ್ದರು. ಲಾರಿ ತಿರುವು ದಾಟುವವರೆಗೂ ಹೊಡೆದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ನನ್ನ ಕಡೆ ತಿರುಗಿದರು.

"ಓಡುವಾಗ ಹೊರಗಿನಿಂದ ಹೇಗೆ ಕಾಣತ್ತೆ ಅಂತ ನೋಡೇ ಇರ್ಲಿಲ್ಲ ಕಣೇ. ಬಣ್ಣ ಚೆನ್ನಾಗಿ ಕೂತಿದೆ, ಅಲ್ವಾ?"