ಉಬ್ಬಿದ ಬ್ಯಾಟರಿಯ ಮೇಲೆ ಇಸ್ತ್ರಿಪೆಟ್ಟಿಗೆ

ಫೋನು ಸಿಡಿಯಲಿಲ್ಲ. ಅದೇ ದೊಡ್ಡದು. ಇಸ್ತ್ರಿ ಅಂಗಡಿಯಾಕೆ ಮಾಡಿದ ಕೆಲಸಕ್ಕೆ ಅದು ಸಿಡಿಯಬೇಕಿತ್ತು.

ಫೋನು ಅವಳ ಗಂಡನದು. ಅವನು ತೀರಿಹೋಗಿ ಐದು ತಿಂಗಳಾಗಿತ್ತು. ಬರೆಯಲು ಬಾರದವನು, ಗಿರಾಕಿಗಳ ಬಟ್ಟೆಯ ವಿಷಯವನ್ನೆಲ್ಲ ಫೋನಿಗೆ ಹೇಳಿಡುತ್ತಿದ್ದ. "ಮಹಡಿ ಮನೆ ಟೀಚರಮ್ಮ, ನೀಲಿ ಸೀರೆ, ಅಂಚಿಗೆ ಬಿಸಿ ಕಮ್ಮಿ." ಸಂಜೆ ಅದನ್ನು ಕೇಳಿಕೊಂಡೇ ಗಂಟು ಕಟ್ಟುತ್ತಿದ್ದ. ಸೀರೆ ಈಗಲೂ ಬರುತ್ತಿತ್ತು. ಅವನ ದನಿ ಉಳಿದದ್ದು ಫೋನಿನಲ್ಲಿ ಮಾತ್ರ. ಅದು ಆರಿಹೋಗಬಾರದೆಂದು ಅವಳು ಫೋನನ್ನು ಮಡಿಸಿದ ಬಟ್ಟೆಗಳ ನಡುವೆ, ಕೈಗೆ ಸಿಕ್ಕ ಯಾವುದೋ ಚಾರ್ಜರಿಗೆ ಸಿಕ್ಕಿಸಿ, ಬಿಚ್ಚದೆ ಇಟ್ಟಿದ್ದಳು.

ಒಂದು ಬೆಳಿಗ್ಗೆ ನೋಡಿದರೆ ಫೋನಿನ ಬೆನ್ನು ಉಬ್ಬಿದೆ, ಪರದೆ ಅಂಚಿನಲ್ಲಿ ಬಾಯಿಬಿಟ್ಟಿದೆ. ಉಬ್ಬಿದ್ದನ್ನು ಒತ್ತಿ ಕೂರಿಸುವುದು ಅವಳ ಇಪ್ಪತ್ತು ವರ್ಷದ ಕಸುಬು. ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಹೇರಿ, ಮೊಂಡು ಕಾಲರಿನಂತೆ ಇದೂ ಕೂತೀತೆಂದು ಕಾದಳು.

ಅಷ್ಟರಲ್ಲಿ ನಾದಿನಿ ಬಂದಳು. ಬಾಗಿಲಲ್ಲೇ ಕಿರುಚಿದಳು.

"ಅತ್ತಿಗೆ! ತೆಗೀರಿ ಅದನ್ನ! ಮನೆಗೆ ಬೆಂಕಿ ಇಡ್ತೀರಾ?"

"ಪೆಟ್ಟಿಗೆ ತಣ್ಣಗಿದೆ ಕಣೆ."

"ಪೆಟ್ಟಿಗೆ ಅಲ್ಲ, ಬ್ಯಾಟರಿ! ಒತ್ತಿದ್ರೆ ಹತ್ಕೊಂಡು ಉರಿಯುತ್ತೆ!"

ನಾದಿನಿ ಗೋಡೆಯ ಸ್ವಿಚ್ಚು ಆರಿಸಿ, ತಂತಿ ಬಿಡಿಸಿ, ಫೋನು ಆಫ್ ಮಾಡಿದಳು. ಒಣ ಮರಳು ಹಾಕಿದ ಬಾಣಲೆಯಲ್ಲಿ ಅದನ್ನಿಟ್ಟು, ಮುಚ್ಚಳ ಮುಚ್ಚದೆ, ಇಬ್ಬರೂ ಪಕ್ಕದ ಬೀದಿಯ ರಿಪೇರಿ ಅಂಗಡಿಗೆ ನಡೆದರು. ದಾರಿಯುದ್ದಕ್ಕೂ ಜನ ಬಾಣಲೆ ನೋಡಿದರು.

ಬ್ಯಾಟರಿ ಬದಲಾಯಿಸಬೇಕು ಎಂದ ರಿಪೇರಿಯವನು. ಅವಳು ಫೋನಿಗೆ ಕೈ ಅಡ್ಡ ಹಿಡಿದಳು.

"ಬೇಡಪ್ಪಾ. ಅದನ್ನ ತೆಗೆದ್ರೆ ಇವರ ದನಿಯೂ ಹೋಗುತ್ತೆ."

ಅವನು ನಗಲಿಲ್ಲ. "ಅಕ್ಕ, ದನಿ ಇರೋದು ಬೇರೆ ಕಡೆ. ಬ್ಯಾಟರಿ ಬರೀ ಊಟ ಹಾಕೋದು. ಹೊಟ್ಟೆ ಬಿರಿಯೋ ಹಂಗೆ ತಿನ್ನಿಸಿದೀರಿ, ಅಷ್ಟೇ."

"ಅಣ್ಣಂಗೂ ಹಂಗೇ ತಿನ್ನಿಸ್ತಿದ್ರು," ಎಂದಳು ನಾದಿನಿ.

"ಬಾಯ್ಮುಚ್ಚೆ."

ಅವನು ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಚಕ್ಕೆಯಿಂದ ಬ್ಯಾಟರಿಯನ್ನು ಮೆಲ್ಲಗೆ ಎಬ್ಬಿಸಿದ. ಅವಳು ಸ್ಟೂಲಿನ ಅಂಚು ಹಿಡಿದು ಕೂತಳು. ಹೊರಬಂದದ್ದು ದಿಂಬಿನಂತೆ ಊದಿತ್ತು. ಅದರ ತುದಿಗೆ ಟೇಪು ಸುತ್ತಿ ಮರಳಿನಲ್ಲಿಟ್ಟ.

"ಕಸಕ್ಕೆ ಹಾಕ್ಲಾ?" ಎಂದಳು ಇಸ್ತ್ರಿ ಅಂಗಡಿಯಾಕೆ.

"ಹಾಕ್ಬೇಡಿ. ಕಸದ ಗಾಡೀಲಿ ಜಜ್ಜಿಹೋದ್ರೆ ಗಾಡಿನೇ ಉರಿಯುತ್ತೆ. ಹಳೇ ಬ್ಯಾಟರಿ ತಗೊಳ್ಳೋರ ಕೈಗೇ ನಾನು ಕೊಡ್ತೀನಿ. ಇನ್ಮೇಲೆ ಇದರ ಚಾರ್ಜರನ್ನೇ ಹಾಕಿ. ಬಟ್ಟೆ ಮಧ್ಯೆ ಬೇಡ, ಬರೀ ನೆಲದ ಮೇಲಿಡಿ. ತುಂಬಿದ ಮೇಲೆ ತೆಗೀರಿ."

ಹೊಸದು ಕೂತಿತು. ಪರದೆ ಬೆಳಗಿತು. ಅವಳಿಗೆ ಮುಟ್ಟಲು ಧೈರ್ಯ ಬರಲಿಲ್ಲ. ನಾದಿನಿಯೇ ಒತ್ತಿದಳು.

"ಗಡಿಯಾರದಂಗಡಿಯವರದು ಬಿಳಿ ಶರ್ಟು ನಾಕು," ಎಂದಿತು ಗಂಡನ ದನಿ, ಸ್ವಲ್ಪ ಕೆಮ್ಮಿ. "ಒಂದಕ್ಕೆ ಗುಂಡಿ ಇಲ್ಲ. ಬರುವಾಗಲೇ ಇರಲಿಲ್ಲ. ಇವಳಿಗೆ ಹೇಳ್ಬೇಕು, ಇಲ್ಲಾಂದ್ರೆ ಹುಡುಕ್ತಾ ಕೂರ್ತಾಳೆ."

ಅವಳು ಫೋನನ್ನು ಕೈಗೆತ್ತಿಕೊಂಡಳು. ಕಣ್ಣು ಒರೆಸಿಕೊಂಡಳು. ಆಮೇಲೆ ನಗು ಬಂತು, ಐದು ತಿಂಗಳಲ್ಲಿ ಮೊದಲ ಸಲ.

"ಆ ಗುಂಡೀನ ಎರಡು ದಿನ ಹುಡುಕಿದ್ದೆ ಕಣೆ," ಎಂದಳು ನಾದಿನಿಗೆ. "ಹೇಳಲೇ ಇಲ್ಲ ಮನುಷ್ಯ."