ಪೂಜೆಗೆ ಕೂತ ಚೈನು

ಅಥವಾ ಅದು ಆಯುಧಪೂಜೆಯ ದಿನವೇ ಅಲ್ಲವೇನೋ. ನಾನು ಚಿಕ್ಕವನಿದ್ದಾಗ, ಅಹಮದಾಬಾದಿನಲ್ಲಿ, ಎನ್ನುವಷ್ಟು ಮಾತ್ರ ಖಾತ್ರಿ. ಉಳಿದದ್ದು ಹೇಳಿದಾಗಲೆಲ್ಲ ಸ್ವಲ್ಪ ಬದಲಾಗುತ್ತದೆ. ಮಕ್ಕಳೇ, ಎಚ್ಚರದಿಂದ ನಂಬಿ.

ಅಪ್ಪ ಧಾರವಾಡದಿಂದ ಅಲ್ಲಿಗೆ ವರ್ಗವಾಗಿ ಬಂದಿದ್ದರು. ಬೆಳಿಗ್ಗೆ ವರಾಂಡದಲ್ಲಿ ಮೋಟರ್‌ಸೈಕಲ್ಲಿನ ಚೈನು ಬಿಚ್ಚಿ, ಸೀಮೆಎಣ್ಣೆಯ ಬೋಗುಣಿಯಲ್ಲಿ ಮುಳುಗಿಸಿದರು. ಹಲ್ಲುಜ್ಜಿ ಸವೆದ ಬ್ರಷ್ಷಿನಿಂದ ತಿಕ್ಕಿದಂತೆಲ್ಲ ಕೊಂಡಿಗಳ ಸಂದಿಯಿಂದ ಕಪ್ಪು ಜಿಡ್ಡು ಬಿಟ್ಟುಕೊಂಡಿತು. ಒರೆಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಹಾಕಿ, ಹೆಚ್ಚಾದದ್ದು ಇಳಿಯಲಿ ಎಂದು ಹಳೆಯ ಪೇಪರಿನ ಮೇಲೆ ಹರವಿದರು. ಪಕ್ಕದಲ್ಲೇ ಪೂಜೆಯ ಮಣೆ. ಅದರ ಮೇಲೆ ನಟ್ಟು ಬಿಚ್ಚುವ ಪಾನಾ, ಪಕ್ಕಡ್ ಎನ್ನುವ ಇಕ್ಕಳ, ಸ್ಕ್ರೂಡ್ರೈವರ್ ಜೋಡಿಸಿಟ್ಟು ಸ್ನಾನಕ್ಕೆ ಹೋದರು.

ಅವರು ಬರುವಷ್ಟರಲ್ಲಿ ಅವ್ವ ಎಲ್ಲಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು, ಆರತಿ ಬೆಳಗಿದ್ದಳು. ಚೈನಿಗೂ! ಊದುಬತ್ತಿಯ ಹೊಗೆಯಲ್ಲಿ ಸೀಮೆಎಣ್ಣೆಯ ವಾಸನೆ ಬೆರೆತಿತ್ತು.

"ಚೈನು ಯಾಕ ಪೂಜಾಕ್ಕ ಇಟ್ಟಿ?" ಎಂದರು ಅಪ್ಪ.

"ನೀವ ಮಣೀ ಬಾಜೂಕ ಇಟ್ರಿ. ನನಗೇನ ಗೊತ್ತರಿ? ಇನ್ನ ನಾಳೆ ತನಕಾ ಯಾವದೂ ಮುಟ್ಟಂಗಿಲ್ಲ. ಪಾನಾ, ಪಕ್ಕಡ್ ಸುದ್ದಾ."

ಆ ಮಧ್ಯಾಹ್ನ ಊರೊಳಗಿನ ನವರಂಗಪುರದಲ್ಲಿ ಅಕ್ಕನಿಗೆ ನೌಕರಿಯ ಸಂದರ್ಶನವಿತ್ತು. ಅಪ್ಪ ಗಾಡಿಯ ಮೇಲೆ ಬಿಟ್ಟುಬರಬೇಕಿತ್ತು. ಗುಜರಾತಿಗಳು ವಾಹನ ಪೂಜಿಸುವುದು ದಸರೆಗೆ. ನವಮಿಯಂದು ಆಫೀಸುಗಳು ತೆರೆದೇ ಇದ್ದವು. ಈ ನೌಕರಿ ಸಿಗದಿದ್ದರೆ ಅಕ್ಕನನ್ನು ಧಾರವಾಡಕ್ಕೆ ಕಳಿಸಿ ಮದುವೆ ಮಾಡುವ ಮಾತು ಆಗಲೇ ನಡೆದಿತ್ತು.

"ಅವ್ವಾ, ನನ್ನ ನೌಕರೀನೂ ಅದರ ಬಾಜೂಕ ಇಟ್ಟು ಒಂದ ಹೂ ಏರಿಸಿಬಿಡು," ಎಂದಳು ಅಕ್ಕ. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಅಪ್ಪ ರಿಕ್ಷಾ ಹುಡುಕಲು ಹೋದರು. ನಾನು ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ನಿಂತು ರಸ್ತೆ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವರು ಬರಿಗೈಯಲ್ಲಿ ಬೆವರುತ್ತ ಬಂದಾಗ, ಚೈನು ಗಾಡಿಗೆ ಕೂತಿತ್ತು! ಕೊಂಡಿ ಸೇರಿಸಲು ಬೇಕಾದ ಇಕ್ಕಳ ಮಣೆಯ ಮೇಲೇ ಇತ್ತು, ಅದರ ಮೇಲಿನ ಹೂವೂ. ಅಕ್ಕ ಒಳಗೆ ಸೀರೆಗೆ ಪಿನ್ನು ಹಾಕುತ್ತಿದ್ದಳು. ಅವ್ವ ಪಾಯಸ ತಿರುವುತ್ತಿದ್ದಳು. ಅವಳ ಬಳೆಗೆ ಕಪ್ಪು ಹತ್ತಿತ್ತು. ಅದು ಪಾತ್ರೆಯ ಮಸಿಯೂ ಇರಬಹುದು. ಅಪ್ಪ ಚೈನನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು, ಕಿಕ್ ಹೊಡೆದರು.

ಅಕ್ಕನಿಗೆ ನೌಕರಿ ಸಿಕ್ಕಿತು. ಇಷ್ಟು ಸುಳ್ಳಲ್ಲ; ಅವಳು ನಿವೃತ್ತಳಾದದ್ದೇ ಅಲ್ಲಿಂದ. ಆದರೆ ಅವಳನ್ನು ಕೇಳಿದರೆ, "ಹುಚ್ಚಪ್ಪಾ, ನಾ ರಿಕ್ಷಾದಾಗ ಹೋಗಿದ್ದೆ. ಚೈನು ಮರುದಿನಾನೂ ಅಲ್ಲೇ ಬಿದ್ದಿತ್ತು," ಎನ್ನುತ್ತಾಳೆ. ಹಾಗಾದರೆ ನಾನು ನೋಡಿದ್ದೇನು?

ಈಗ ಅಹಮದಾಬಾದಿನ ಅಂಚಿನ ನಿಮ್ಮ ಬೋಪಾಲ್ ಮನೆಯಿಂದ ಬೈಕನ್ನು ಸರ್ವಿಸಿನವರೇ ಒಯ್ಯುತ್ತಾರೆ, ಚೈನಿನ ಫೋಟೊ ಮೊಬೈಲಿಗೆ ಬರುತ್ತದೆ. "ಅಜ್ಜಾ, ಪ್ರೂಫ್ ಎಲ್ಲಿ?" ಎಂದು ನೀವು ಕೇಳುವುದು ಸರಿಯೇ. ನನ್ನ ಹತ್ತಿರ ಇಲ್ಲ. ಅವ್ವ ಬದುಕಿದ್ದಷ್ಟು ದಿನವೂ ಯಾರೂ ಅವಳನ್ನು ಕೇಳಲಿಲ್ಲ, ಅವಳಾಗಿ ಹೇಳಲೂ ಇಲ್ಲ. ಆ ಚೈನು ಹಾಕಿದವರು ಯಾರು, ನಿಜವಾಗಿ ಯಾರಾದರೂ ಹಾಕಿದರೇ, ನನಗೆ ಗೊತ್ತಿಲ್ಲ.